ಮನಸ್ಸಿನಲ್ಲಿ ತೊಡೆದ ತೊಡದೇವು

ಕರ್ಕಿಯ ಶ್ರೀಮತಕ್ಕನಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, ಊರಿನವರು ಮೊದಲು ಕೇಳಿದ್ದು ಅವಳು ಹೇಗಿದ್ದಾಳೆ ಎಂದಲ್ಲ, ಇನ್ನು ತೊಡದೇವು ಮಾಡುವವರು ಯಾರು ಎಂದು. ಊರಿನವರನ್ನು ಬೈದು ಪ್ರಯೋಜನವಿಲ್ಲ, ಅಂಥ ಕೈ ಅದು. ಹೊನ್ನಾವರದಿಂದ ಕುಮಟೆಯವರೆಗೆ ತೊಡದೇವು ಮಾಡುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ಶ್ರೀಮತಕ್ಕ ಮಾಡಿದ್ದನ್ನು ಬೆಳಕಿಗೆ ಹಿಡಿದರೆ ಆಚೆ ಕೂತವರ ಮೂಗು ಕಾಣುತ್ತಿತ್ತು.

ಕಾಗದದಷ್ಟು ತೆಳುವಾದ ಆ ಸಿಹಿ ತಿಂಡಿಯ ಕೆಲಸ ಹೇಳುವುದಕ್ಕೆ ಸುಲಭ. ಅಕ್ಕಿಯನ್ನು ನುಣ್ಣಗೆ ಅರೆದು ಕಬ್ಬಿನ ಹಾಲಿನಲ್ಲಿ ನೀರುನೀರಾಗಿ ಕದಡಬೇಕು. ಒಲೆಯ ಮೇಲೆ ಕವುಚಿಟ್ಟ ಮಣ್ಣಿನ ಗಡಿಗೆ ಹದವಾಗಿ ಕಾದಿರಬೇಕು. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಸಲಕ್ಕೆ ತೊಡೆಯಬೇಕು, ಅಂದರೆ ತೆಳ್ಳಗೆ ಬಳಿಯಬೇಕು. ಕೈ ತಡೆದರೆ ದಪ್ಪ, ಅವಸರ ಮಾಡಿದರೆ ತೂತು. ಆಮೇಲೆ ತುಪ್ಪ ಸವರಿ, ಅಂಚಿನಿಂದ ಎಬ್ಬಿಸಿ, ಬಿಸಿಯಿರುವಾಗಲೇ ಮಡಚಬೇಕು. ಆಲೆಮನೆ ಶುರುವಾಗಿ ಕಬ್ಬಿನ ಹಾಲು ಬರುವ ಎರಡು ತಿಂಗಳು ಶ್ರೀಮತಕ್ಕ ಇದೇ ಕೆಲಸ ಮಾಡುತ್ತಿದ್ದಳು.

ಡಬ್ಬಿ ಡಬ್ಬಿ ತುಂಬಿ ಊರಿಗೆಲ್ಲ ಹಂಚಿದವಳು, ಆ ಬಟ್ಟೆ ಸುತ್ತಿದ ಕೋಲನ್ನು ಮಾತ್ರ ಯಾರ ಕೈಗೂ ಕೊಟ್ಟವಳಲ್ಲ. ಹರಿದರೆ ಹಾಳು ಎಂಬುದು ಅವಳು ಹೇಳುತ್ತಿದ್ದ ಕಾರಣ. ಹೇಳದ ಕಾರಣ ಬೇರೆ ಇತ್ತು. ವರ್ಷವಿಡೀ ಕೃಷ್ಣಾನಂದ ಮಾಸ್ತರರ ಹೆಂಡತಿಯಾಗಿದ್ದವಳು ಆ ಎರಡು ತಿಂಗಳು ಮಾತ್ರ ತನ್ನದೇ ಹೆಸರಿನ ಶ್ರೀಮತಿ ಆಗುತ್ತಿದ್ದಳು. ಅದನ್ನು ಪಾಲು ಮಾಡಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಮಗ ಸಂದೇಶನ ಕೈ ಹಿಡಿದು ಮಧುರಾ ಬಂದಳು. ಅವಳ ತವರು ಭಟ್ಕಳದ ಕಡೆ, ಆ ಮನೆಯಲ್ಲಿ ತೊಡದೇವಿನ ರೂಢಿಯೇ ಇರಲಿಲ್ಲ. ಮೊದಲ ವರ್ಷ ಅವಳ ತಾಯಿ ಮಗಳ ಮನೆ ನೋಡಲು ಬಂದಾಗ ಗಡಿಗೆ ಕಾಯುತ್ತಿತ್ತು. ಹೊಸ ಸೊಸೆ ಉಮೇದಿನಿಂದ ತಾನೂ ಒಂದು ತೊಡೆದು ನೋಡುತ್ತೇನೆಂದು ಕೋಲಿಗೆ ಕೈ ಹಾಕಿದಳು. ಶ್ರೀಮತಕ್ಕ ಅದನ್ನು ಅವಳ ಬೆರಳಿನಿಂದ ಬಿಡಿಸಿಕೊಂಡಳು.

"ಬಿಡು, ಇದು ನಿನ್ನ ಕೈಯಲ್ಲಿ ಆಪದಲ್ಲ."

ನಗುನಗುತ್ತಲೇ ಹೇಳಿದ್ದು. ಚಾಪೆಯ ಮೇಲೆ ಕಾಪಿ ಲೋಟ ಹಿಡಿದು ಕೂತಿದ್ದ ಬೀಗಿತ್ತಿಯೂ ಮರ್ಯಾದೆಗೆ ನಕ್ಕಳು. ಮಧುರಾ ಆಮೇಲೆ ಎಂದೂ ಕೇಳಲಿಲ್ಲ. ಕುಮಟೆಯ ಸೊಸೈಟಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ರಜೆಯ ದಿನ ಅತ್ತೆಯ ಎಡಕ್ಕೆ ಮಣೆ ಹಾಕಿ ಕೂತು, ಎಬ್ಬಿಸಿ ಕೊಟ್ಟದ್ದನ್ನು ಮಡಚಿ ಡಬ್ಬಿಗೆ ತುಂಬುತ್ತಿದ್ದಳು. ವರ್ಷಕ್ಕೊಂದು ಡಬ್ಬಿ ಭಟ್ಕಳಕ್ಕೂ ಹೋಗುತ್ತಿತ್ತು. ಶ್ರೀಮತಕ್ಕ ಆ ವಿಷಯದಲ್ಲಿ ಕೈ ಬಿಗಿ ಮಾಡಿದವಳಲ್ಲ.

ಲಕ್ವ ಬಂದದ್ದು ಆಗಸ್ಟಿನಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ಹೊನ್ನಾವರದಿಂದ ನೇತ್ರಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು ಫಿಸಿಯೋಥೆರಪಿ ಮಾಡಿಸತೊಡಗಿದಳು. ಮಾತು ಕಡಿಮೆ, ಹಟ ಜಾಸ್ತಿ. ಕೈಯಿಂದ ತುಂಬ ಸಲ ಮಾಡಿದ, ಕಣ್ಣು ಮುಚ್ಚಿದರೂ ಬರುವ ಒಂದು ಕೆಲಸ ಹೇಳಿ ಎಂದು ಕೇಳಿದಳು. ಶ್ರೀಮತಕ್ಕನಿಗೆ ಯೋಚಿಸಬೇಕಾಗಲಿಲ್ಲ.

"ಹಂಗಾರೆ ಮೊದ್ಲು ಅದನ್ನ ಮನಸಲ್ಲೇ ಮಾಡಿ ಅಮ್ಮ," ಎಂದಳು ನೇತ್ರಾ. "ಬಟ್ಟೆ ಎಷ್ಟು ಭಾರ, ಎಂತ ವಾಸನೆ, ಯಾರು ಎಲ್ಲಿ ಕೂತಿದ್ರು, ಎಲ್ಲ ಬರ್ಲಿ. ಆಮೇಲೆ ಕೈ ಎತ್ತಿ."

ಕೈ ಆಡಿಸುವಾಗ ಮಿದುಳಿನಲ್ಲಿ ನಡೆಯುವ ಕೆಲಸದ ಒಂದು ಪಾಲು ಬರೀ ನೆನೆಸಿಕೊಂಡರೂ ನಡೆಯುತ್ತದಂತೆ. ಹುಲ್ಲು ಬೆಳೆದ ಕಾಲುದಾರಿ ಓಡಾಡಿದರೆ ತೆರೆದುಕೊಳ್ಳುವ ಹಾಗೆ. ಆದರೆ ನೆನೆಸಿಕೊಂಡು ಸುಮ್ಮನೆ ಕೂತರೆ ಸಾಲದು, ನೆನೆಸಬೇಕು, ಮಾಡಬೇಕು, ಮತ್ತೆ ನೆನೆಸಬೇಕು. ಇದನ್ನು ಕೇಳಿ ಕೃಷ್ಣಾನಂದ ಮಾಸ್ತರರಿಗೆ ನಗು ತಡೆಯಲಿಲ್ಲ. ಜನ ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಗೊತ್ತಿತ್ತು, ನಮ್ಮ ಮನೆಯಲ್ಲಿ ಮನಸ್ಸಿನಲ್ಲೇ ತೊಡದೇವು ಮಾಡುವ ಕಾರಖಾನೆ ಶುರುವಾಯಿತು ಎಂದರು. ಬರುವ ಕಬ್ಬಿನ ಹಾಲಿಗೆ ತನ್ನ ಕೈಯಿಂದ ಒಂದಾದರೂ ತೊಡದೇವು ಏಳಬೇಕು, ಶ್ರೀಮತಕ್ಕನಿಗೆ ಅಷ್ಟೇ ಬೇಕಿತ್ತು.

ದಿನಾ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು. ಮೊದಲು ಗಡಿಗೆ ಬಂತು, ಆಮೇಲೆ ಹೊಗೆ, ಕಬ್ಬಿನ ಹಾಲು ಸುಡುವ ಸಿಹಿ ವಾಸನೆ. ತಿಂಗಳು ಕಳೆಯುವಾಗ ಬೆರಳು ಅಲುಗಿದವು. ದೀಪಾವಳಿಯ ಹೊತ್ತಿಗೆ ಲೋಟ ಎತ್ತಿದಳು. ನೇತ್ರಾ ಹೇಳಿದಂತೆ ಯಾರು ಎಲ್ಲಿ ಕೂತಿದ್ದರೆಂದೂ ನೋಡಿಕೊಳ್ಳತೊಡಗಿದಾಗ, ಎಡಗಡೆ ಮಧುರಾ ಬಂದು ಕೂತಳು. ಮೊದಮೊದಲು ಮಡಚುವ ಕೈ ಮಾತ್ರ ಕಾಣುತ್ತಿತ್ತು. ಹದಿನೆಂಟು ವರ್ಷದಲ್ಲಿ ಶ್ರೀಮತಕ್ಕ ಆ ಕಡೆ ತಿರುಗಿ ನೋಡಿದ್ದೇ ಕಡಿಮೆ, ಅವಳ ಕಣ್ಣೆಲ್ಲ ಗಡಿಗೆಯ ಮೇಲೆ.

ಒಂದು ಬೆಳಿಗ್ಗೆ ಇನ್ನೊಂದು ಕಂಡಿತು. ತಾನು ಬಟ್ಟೆ ಎಳೆಯುವ ಹೊತ್ತಿಗೆ ಸರಿಯಾಗಿ ಸೊಸೆಯ ಬಲಗೈ ಮಡಚುವುದನ್ನು ನಿಲ್ಲಿಸಿ, ಮೊಣಕಾಲಿನ ಮೇಲೆ ಎಡದಿಂದ ಬಲಕ್ಕೆ ಒಂದಿಷ್ಟು ಜರುಗುತ್ತಿತ್ತು. ನಿಜವಾಗಿ ಹಾಗಿತ್ತೋ, ಮನಸ್ಸು ಕಟ್ಟಿದ್ದೋ? ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಬೀಗಿತ್ತಿಯ ಎದುರು ಆಡಿದ ಆ ದಿನದ ಮಾತೂ ಎದ್ದು ಬರುತ್ತಿತ್ತು.

ಜನವರಿಯಲ್ಲಿ ಮಾಸ್ತರರು ಆಲೆಮನೆಯಿಂದ ಕ್ಯಾನಿನಲ್ಲಿ ಕಬ್ಬಿನ ಹಾಲು ತಂದರು. ಭಾನುವಾರ ಗಡಿಗೆ ಕವುಚಿದರು. ಶ್ರೀಮತಕ್ಕ ಕಣ್ಣು ಮುಚ್ಚಿ ಒಮ್ಮೆ ಮನಸ್ಸಿನಲ್ಲೇ ತೊಡೆದಳು, ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಣ್ಣು ಬಿಟ್ಟು ತೊಡೆದಳು. ಅರ್ಧದವರೆಗೆ ಕೈ ಹೇಳಿದಂತೆ ಕೇಳಿತು, ಆಮೇಲೆ ನಡುಗಿ ನಿಂತಿತು. ಹಿಟ್ಟು ಅಲ್ಲೇ ಮುದ್ದೆಯಾಯಿತು. ಎರಡನೆಯದು ಹರಿಯಿತು. ಐದನೆಯದೂ ಹರಿಯಿತು. ಮಾಸ್ತರರು ಮೆಲ್ಲಗೆ ಎದ್ದು ಹೊರಗೆ ಹೋದರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಮಧುರಾ ಆ ಕಾಲ ಬಂತೆಂದು ಸೆರಗು ಸಿಕ್ಕಿಸಿ ನಿಲ್ಲಲಿಲ್ಲ, ಹರಿದ ತುಂಡುಗಳನ್ನು ಒಂದು ತಟ್ಟೆಗೆ ಹಾಕುತ್ತ ಕೂತಿದ್ದಳು. ಶ್ರೀಮತಕ್ಕನೇ ಕೋಲನ್ನು ಎಡಗೈಗೆ ದಾಟಿಸಿ ಅವಳ ಕಡೆ ನೀಡಿದಳು.

"ನೀ ತೊಡೆ."

ಮಧುರಾಳ ಮೊದಲನೆಯದು ಹರಿಯಿತು. ಎರಡನೆಯದರ ಅಂಚು ದಪ್ಪವಾಯಿತು. ನಾಲ್ಕನೆಯದು ಎದ್ದಿತು, ಇಡಿಯಾಗಿ. ಶ್ರೀಮತಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮದುವೆಯಾಗಿ ಬಂದ ಮೇಲೆ ಈ ಹದ ಕೈಗೆ ಹತ್ತಲು ತನಗೇ ಎರಡು ವರ್ಷ ಬೇಕಾಗಿತ್ತು. ಎಲ್ಲಿ ಕಲಿತೆ ಎಂದು ಕೇಳುವಾಗ ಅವಳಿಗೆ ಉತ್ತರ ಗೊತ್ತಿತ್ತು.

"ನಿಂಗ ತೊಡೆವಾಗೆಲ್ಲ ನಾನೂ ಮನಸಲ್ಲೇ ತೊಡೀತಿದ್ದೆ, ಅತ್ತೆ."

ಇಷ್ಟರಲ್ಲೇ ನಿಂತಿದ್ದರೆ ಶ್ರೀಮತಕ್ಕ ಸಂತೋಷಪಟ್ಟು ಮುಗಿಸುತ್ತಿದ್ದಳೇನೋ. ಮಧುರಾ ಮುಂದಿನದಕ್ಕೆ ಬಟ್ಟೆ ಅದ್ದುತ್ತ, ಯಾರನ್ನೂ ನೋಡದೆ ಹೇಳಿದಳು:

"ಡಬ್ಬಿ ತಗಂಡು ಹೋದಾಗೆಲ್ಲ ಆಯಿ ಕೇಳ್ತಿತ್ತು, ಇದು ನೀನೇ ತೊಡೆದದ್ದಾ ಹೇಳಿ. ಅಲ್ಲ ಹೇಳ್ತಿದ್ದೆ."

ಆ ತಾಯಿ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಹದಿನಾರು ಡಬ್ಬಿ ತಿಂದಿದ್ದಳು, ಮಗಳ ಕೈಯದು ಒಂದೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಶ್ರೀಮತಕ್ಕ ಎಷ್ಟು ಜನರಿಗೆ ಹೇಳಿದ್ದಳೋ. ಈಗ ಉರಿಯುವ ಒಲೆಯ ಮುಂದೆಯೇ ಕೂತಿದ್ದಳು.

"ತಪ್ಪಾತು," ಎಂದಳು.

ಮಧುರಾ ಒಲೆಗೆ ಸೌದೆ ನೂಕಿ, ಬಿಡಿ ಅತ್ತೆ, ಗಡಿಗೆ ಆರುತ್ತದೆ ಎಂದು ಮತ್ತೊಂದು ತೊಡೆದಳು. ಸಂಜೆಯ ಹೊತ್ತಿಗೆ ಒಂದು ಡಬ್ಬಿ ತುಂಬಿತು. ಭಟ್ಕಳದಲ್ಲಿ ಅದನ್ನು ಕಾಯುವ ತಾಯಿ ಇರಲಿಲ್ಲ.

ಮಾರ್ಚಿನಲ್ಲಿ ನೇತ್ರಾ ಬರುವುದು ನಿಂತಿತು. ಇನ್ನು ತಾನು ಬೇಕಿಲ್ಲ, ಅಭ್ಯಾಸ ಮಾತ್ರ ಬಿಡಬೇಡಿ ಎಂದು ಹೇಳಿ ಹೋದಳು. ಶ್ರೀಮತಕ್ಕ ಬಿಟ್ಟಿಲ್ಲ. ಈಗಲೂ ಬೆಳಿಗ್ಗೆ ಜಗಲಿಯಲ್ಲಿ ಕೂತು ಕಣ್ಣು ಮುಚ್ಚುತ್ತಾಳೆ. ಗಡಿಗೆ ಬರುತ್ತದೆ, ಹೊಗೆ ಬರುತ್ತದೆ, ಚಾಪೆಯ ಮೇಲೆ ಕಾಪಿ ಲೋಟ ಹಿಡಿದ ಬೀಗಿತ್ತಿ ಬರುತ್ತಾಳೆ. ಹೊಸ ಸೊಸೆ ಕೈ ಚಾಚುತ್ತಾಳೆ. ಶ್ರೀಮತಕ್ಕ ಬಟ್ಟೆ ಸುತ್ತಿದ ಕೋಲನ್ನು ಅವಳಿಗೆ ಕೊಡುತ್ತಾಳೆ. ಮಗಳು ತೊಡೆಯುವುದನ್ನು ನೋಡಲು ತಾಯಿ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗುತ್ತಾಳೆ. ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ, ಆಗ ಆ ಮುಖ ಹೇಗಿರುತ್ತಿತ್ತೆಂದು ಶ್ರೀಮತಕ್ಕ ಕಂಡವಳಲ್ಲ. ಕಾಣದ್ದನ್ನು ಮನಸ್ಸು ಎಲ್ಲಿಂದ ತರಬೇಕು?

ಕಣ್ಣು ಬಿಟ್ಟರೆ ಬಲಗೈ ಮಡಿಲಿನಿಂದ ಎದ್ದು, ಏನನ್ನೋ ಕೊಡುವವರ ಹಾಗೆ, ಮುಂದಕ್ಕೆ ಚಾಚಿರುತ್ತದೆ.