ಜೇಬಿನಲ್ಲಿ ಉಳಿದ ಸ್ಕ್ರೂ

ಊಟ ಮುಗಿಸಿ ಕೈ ತೊಳೆದು ಬಂದ ಅರ್ಥಣ್ಣನ ಮುಂದೆ ಹೆಂಡತಿ ಉಗುರುದ್ದದ ಹಿತ್ತಾಳೆ ಸ್ಕ್ರೂ ಒಂದನ್ನು ಹಿಡಿದು ನಿಂತಳು. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಸಿಕ್ಕಿತಂತೆ. ವಾಷಿಂಗ್ ಮಷಿನ್ ಕೆಟ್ಟರೆ ನಿಮ್ಮಪ್ಪ ತಂದುಕೊಡುತ್ತಾರಾ ಎಂದು ಶುರುಹಚ್ಚಿಕೊಂಡವಳು ಗಂಡನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

ಆ ಸ್ಕ್ರೂ ಅಲ್ಲಿರಬಾರದಿತ್ತು. ಯಾಕೆಂದು ತಿಳಿಯಬೇಕಾದರೆ ಮೊದಲು ಈ ಮಹಾರಾಯನ ಕೆಲಸ ತಿಳಿಯಬೇಕು. ಮನೆಗೆ ಬರುವ ನೀರಿನ ಪೈಪು, ಗ್ಯಾಸಿನ ಪೈಪು ಎರಡಕ್ಕೂ ಒಂದೊಂದು ಲೋಹದ ಪಟ್ಟಿ ಬಿಗಿದು, ಅಲ್ಲಿಂದ ಹಸಿರು ತಂತಿಯೊಂದನ್ನು ಭೂಮಿಗೆ ಸೇರಿಸಿರುತ್ತಾರೆ. ಎಲ್ಲಿಂದಲಾದರೂ ಕರೆಂಟು ಸೋರಿ ಪೈಪಿಗೆ ಬಂದರೆ ಆ ತಂತಿ ಹಿಡಿದು ಮಣ್ಣು ಸೇರಬೇಕು. ತಂತಿ ಇಲ್ಲವೋ, ನಲ್ಲಿ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಆ ತಂತಿ ಸರಿಯಿದೆಯೇ ಎಂದು ಮನೆಮನೆಗೆ ಹೋಗಿ ಅಳೆದು ನೋಡುವುದು ಇವನ ಮೂವತ್ತು ವರ್ಷದ ಕಸುಬು. ಅರ್ಥಿಂಗ್ ಅರ್ಥಿಂಗ್ ಎಂದು ಜಪ ಮಾಡಿ ಮಾಡಿ ಬೀದಿಯವರ ಬಾಯಲ್ಲಿ ಅರ್ಥಣ್ಣನಾದ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿರಬೇಕು.

ನೋಡಲಿಕ್ಕೆ ಮಾತಿನ ಮಲ್ಲ, ಒಳಗೆ ಮಹಾ ಪುಕ್ಕಲ. ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಸೋದರಮಾವ ನಲ್ಲಿ ಹಿಡಿದುಕೊಂಡೇ ಒದ್ದೆ ನೆಲದ ಮೇಲೆ ಸತ್ತುಬಿದ್ದಿದ್ದನ್ನು ಕಂಡವನು. ಆ ಭಯ ಹೊರಗೆ ಕಾಣಬಾರದೆಂದೇ ಕೆಲಸ ಮಾಡುವಾಗ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಆ ಭಯಕ್ಕೇ ಒಂದು ಕಟ್ಟಳೆಯನ್ನೂ ಮಾಡಿಕೊಂಡಿದ್ದ. ಅಳೆಯಲು ತಂತಿ ಬಿಚ್ಚಿದರೆ ಅದರ ಸ್ಕ್ರೂ ಜೇಬಿಗೆ ಹೋಗಬೇಕು, ಜೇಬು ಖಾಲಿಯಾಗದೆ ಆ ಮನೆಯ ಹೊಸ್ತಿಲು ದಾಟಬಾರದು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ದಾಟಿರಲಿಲ್ಲ.

ಬೆಳಿಗ್ಗೆ ಹೋಗಿದ್ದುದು ಒಂದೇ ಮನೆಗೆ. ಮೂರನೆಯ ಬೀದಿಯಲ್ಲಿ ಮಗಳೊಂದಿಗಿರುವ ಟೀಚರಮ್ಮನ ಮನೆ. ಒಂದು ತಿಂಗಳಿಂದ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದು ಕರೆಸಿದ್ದಳು. ನೀರು ಕಾಯಿಸುವ ಹೀಟರಿನಲ್ಲಿ ಕರೆಂಟು ಸೋರುತ್ತಿತ್ತು, ಪೈಪಿನ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿತ್ತು. ಇವನು ಹೊಸ ಪಟ್ಟಿ ಬಿಗಿದ, ಜುಮ್ಮೆನ್ನುವುದು ನಿಂತಿತು. ಗ್ಯಾಸಿನ ಪೈಪಿನ ತಂತಿ ಬಿಚ್ಚಿ, ಅಳೆದು, ಮತ್ತೆ ಸ್ಕ್ರೂ ಹಾಕಿದ. ನೀರಿನ ಪೈಪಿನದನ್ನು ಬಿಚ್ಚಿದ, ಅಳೆದ, ಅಷ್ಟರಲ್ಲಿ ಚಹಾ ಬಂತು. ಇಷ್ಟು ದಿನ ನಿಮ್ಮ ನಲ್ಲಿಗೆ ಅರ್ಥವೇ ಇರಲಿಲ್ಲಮ್ಮ, ಬರೀ ಕೋಪ ಇತ್ತು ಎಂದು ತನ್ನ ಹಳೇ ಜೋಕು ಹೊಡೆದ. ಐದು ವರ್ಷದ ಮಗಳು ಏನೂ ತಿಳಿಯದಿದ್ದರೂ ಬಿದ್ದು ಬಿದ್ದು ನಕ್ಕಳು. ಆ ನಗುವಿಗೆ ಉಬ್ಬಿಹೋಗಿ ಇನ್ನೆರಡು ಹೇಳಿದ, ಚೀಲ ಹೆಗಲಿಗೇರಿಸಿದ. ಹೀಟರ್ ರಿಪೇರಿಯಾಗುವ ತನಕ ಅದನ್ನು ಹಾಕಬೇಡಿ ಎನ್ನಬೇಕಿದ್ದವನು ಬಾಗಿಲಲ್ಲಿ ನಿಂತು, “ಇನ್ನು ಧೈರ್ಯವಾಗಿ ಸ್ನಾನ ಮಾಡಿ” ಎಂದ, ದೊಡ್ಡ ಮನುಷ್ಯ!

ಈಗ ಆ ಮಾತೇ ಅವನ ಕತ್ತು ಹಿಸುಕುತ್ತಿತ್ತು. ತಿಂಗಳಿಂದ ಆಕೆ ಹೆದರಿಕೊಂಡಿದ್ದಳು, ಹೆದರಿದ್ದಕ್ಕೇ ಬದುಕಿದ್ದಳು. ಇವನು ಹೋಗಿ ಆಕೆಯ ಹೆದರಿಕೆಯನ್ನೂ ಪೈಪಿನ ತಂತಿಯನ್ನೂ ಒಟ್ಟಿಗೆ ತೆಗೆದು ಬಂದಿದ್ದ.

ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ, ಊಹೂಂ. ಸ್ಕ್ರೂ ಜೇಬಿಗೆ ಹಾಕಿ, ಚೀಲ ಎತ್ತಿಕೊಂಡು, ಅಂಗಿಯ ಗುಂಡಿಯನ್ನೂ ಹಾಕದೆ ಸ್ಕೂಟರ್ ಹತ್ತಿದ. ಸಿಗ್ನಲ್ಲಿನ ಕೆಂಪು ದೀಪ ಅವನ ಮೇಲೆ ಹಟಕ್ಕೆ ಬಿದ್ದಂತೆ ಉರಿಯುತ್ತಲೇ ಇತ್ತು. ಕಣ್ಣ ಮುಂದೆ ಸೋದರಮಾವನ ಕೈ ಬಂತು, ಯಾರು ಎಳೆದರೂ ಬಿಡಿಸಲಾಗದ ಆ ಬೆರಳುಗಳು. ದೇವರೇ, ಈ ಹೆಂಗಸು ಇವತ್ತೊಂದು ದಿನ ಸೋಮಾರಿಯಾಗಲಿ, ಸ್ನಾನವೇ ಬೇಡ ಅನ್ನಲಿ ಎಂದು ಬೇಡಿಕೊಂಡ.

ಬಾಗಿಲು ತೆಗೆದವಳು ಆ ಪುಟ್ಟ ಹುಡುಗಿ. ಅಮ್ಮ ಎಲ್ಲಿ ಎಂದರೆ, “ಸ್ನಾನಕ್ಕೆ ಹೋಗಿದ್ದಾಳೆ, ಎಷ್ಟು ಕರೆದ್ರೂ ಮಾತಾಡ್ತಿಲ್ಲ” ಎಂದಳು.

ಅರ್ಥಣ್ಣ ಒಳಗೆ ನುಗ್ಗಿದ. ಬಾಗಿಲ ಪಕ್ಕದಲ್ಲೇ ಇದ್ದ ಮೇನ್ ಸ್ವಿಚ್ಚನ್ನು ಎಳೆದು ಕೆಳಗೆ ಹಾಕಿದ. ಫ್ಯಾನು ನಿಧಾನವಾಗಿ ನಿಂತಿತು. ಒಳಗಿಂದ ನೀರಿನ ಸದ್ದೂ ಇಲ್ಲ, ಮನುಷ್ಯರ ಸದ್ದೂ ಇಲ್ಲ. ಬಚ್ಚಲ ಬಾಗಿಲು ದಬದಬ ಬಡಿದ. ನನ್ನಿಂದಲೇ ಆಯಿತು, ಈ ಮಗುವಿಗೆ ಏನೆಂದು ಹೇಳಲಿ ಎಂದುಕೊಂಡ.

“ಯಾರದು ಕರೆಂಟ್ ತೆಗೆದಿದ್ದು? ತಲೆ ತುಂಬ ಸೋಪಿದೆ ಇಲ್ಲಿ” ಎಂದು ಒಳಗಿಂದ ಗದರುವ ದನಿ ಬಂತು.

ಅರ್ಥಣ್ಣ ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಇವನನ್ನು ನೋಡಿ ಗಾಬರಿಯಾದಳು. ಒಲೆಯ ಮೇಲೆ ಕಾಯಿಸಿದ ನೀರನ್ನು ಬಕೆಟ್ಟಿಗೆ ಹಾಕಿಕೊಂಡು ಸ್ನಾನ ಮಾಡುತ್ತಿದ್ದಳಂತೆ, ಕಿವಿಗೆಲ್ಲ ಸೋಪು ತುಂಬಿ ಮಗಳು ಕರೆದಿದ್ದು ಕೇಳಿಸಲಿಲ್ಲವಂತೆ. ಹೀಟರ್ ಹಾಕಿರಲಿಲ್ಲ, ಶಾಕ್ ಹೊಡೆಯಬಾರದೆಂದು ನಲ್ಲಿಗೆ ಸುತ್ತಿದ್ದ ಹಳೇ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಇನ್ನೊಮ್ಮೆ ನೋಡಿ ಹೋಗೋಣ ಎಂದು ಬಂದೆ ಎಂದು ಅರ್ಥಣ್ಣ ಸುಳ್ಳು ಹೇಳಬಹುದಿತ್ತು. ಅಂಥ ಮಾತಿಗೇನು ಅವನಲ್ಲಿ ಬರವೇ? ಆದರೆ ಜೇಬಿನಿಂದ ಸ್ಕ್ರೂ ತೆಗೆದು ಅಂಗೈ ಬಿಚ್ಚಿ ತೋರಿಸಿದ.

“ತಂತಿ ಬಿಚ್ಚಿ ಹಾಗೇ ಬಿಟ್ಟು ಹೋಗಿದ್ದೆ ಅಮ್ಮ. ನೀವು ನನ್ನ ಮಾತು ನಂಬಿದ್ದಿದ್ರೆ...”

ಆಕೆ ಸ್ಕ್ರೂ ನೋಡಿದಳು, ಮಗಳನ್ನು ನೋಡಿದಳು, ಮಗಳನ್ನು ಹತ್ತಿರ ಎಳೆದುಕೊಂಡಳು.

“ಸಂಜೆ ಇವಳಿಗೆ ಹೀಟರ್ ನೀರಲ್ಲೇ ಸ್ನಾನ ಮಾಡಿಸೋಣ ಅಂದ್ಕೊಂಡಿದ್ದೆ” ಎಂದಳು.

ಅವನು ಎದ್ದು ಪೈಪಿನ ಹತ್ತಿರ ಹೋದ. ಒಂದೇ ಒಂದು ಮಾತಾಡದೆ ತಂತಿ ಸೇರಿಸಿ, ಸ್ಕ್ರೂ ಬಿಗಿದು, ಮೇನ್ ಹಾಕಿ, ಮೂರು ಸಲ ಅಳೆದ. ರಿಪೇರಿಯಾಗುವ ತನಕ ಹೀಟರ್ ತಂಟೆಗೇ ಹೋಗಬೇಡಿ ಎಂದು ಎರಡೆರಡು ಸಲ ಹೇಳಿದ. ನಲ್ಲಿಯನ್ನಾದರೂ ಮುಟ್ಟಬಹುದಾ ಎಂದು ಆಕೆ ಕೇಳಿದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಕರೆಂಟು ತಡೆಯುವ ತನ್ನ ರಬ್ಬರ್ ಬೂಟು ಬಿಚ್ಚಿಟ್ಟ. ತಾನೇ ಹೀಟರ್ ಹಾಕಿದ, ನಲ್ಲಿಯ ಬಟ್ಟೆ ತೆಗೆದ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ನಲ್ಲಿಯನ್ನು ಮುಷ್ಟಿ ತುಂಬ ಹಿಡಿದ.

ಏನೂ ಆಗಲಿಲ್ಲ. ಕೈ ಮಾತ್ರ ಮೊಣಕೈತನಕ ನಡುಗುತ್ತಿತ್ತು.

“ನಡುಗ್ತಿದ್ದೀರಲ್ಲ ಅಣ್ಣ” ಎಂದಳು ಆಕೆ.

“ಹೌದಮ್ಮ. ತುಂಬಾ ಭಯ ಆಗ್ತಿದೆ.”

ಆಕೆ ಮಗಳನ್ನು ಬಚ್ಚಲ ಹೊರಗೆ ನಿಲ್ಲಿಸಿ ಬಂದಳು.

“ಬೆಳಿಗ್ಗೆ ನಗ್ತಾ ಹೇಳಿದ್ರಿ, ನಂಬಿಕೆ ಬರ್ಲಿಲ್ಲ. ಈಗ ಬಂತು” ಎಂದು ಅವನ ಕೈಯ ಪಕ್ಕದಲ್ಲೇ ತಾನೂ ನಲ್ಲಿ ಹಿಡಿದಳು.