ಎಲ್ಲರೂ ಪಾರ್ಟಿಗಳೇ

ಜೋಗುಪಾಳ್ಯದ ಆ ಮನೆ ಬ್ರೋಕರ್ ಬಾಯಲ್ಲಿ ಓನರೂ ಪಾರ್ಟಿ, ಬಾಡಿಗೆಗೆ ಬರೋನೂ ಪಾರ್ಟಿ. ಓಟು ಕೇಳೋರೂ ಪಾರ್ಟಿ, ಇಂದಿರಾನಗರದಲ್ಲಿ ಕುಡಿದು ಕುಣಿಯೋದೂ ಪಾರ್ಟಿ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು, ಸುಮ್ಮನಿರಲಾಗಲಿಲ್ಲ. “ಆ ಪದದ ಮೂಲ ಅರ್ಥ ಪಾಲು ಅಂತ,” ಎಂದೆ.

“ಸರಿಯಾಗೇ ಇದೆ ಸಾರ್, ಎರಡೂ ಕಡೆಯಿಂದ ನನಗೆ ಪಾಲು ಬರುತ್ತಲ್ಲ!”

ಮನೆ ಒಪ್ಪಿಗೆಯಾಯಿತು. ಆದರೆ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ ಅಂದರು ಓನರ್. ಪದವಿಯ ಗೌನು ತೊಟ್ಟ ನನ್ನ ಫೋಟೋ ಅಮ್ಮನ ಕಂಕುಳಲ್ಲೇ ಇತ್ತು. “ನನ್ ಮಗನ ಫೋಟೋಗೆ ಜಾಗ ಇಲ್ದಿರೋ ಮನೆ ಬೇಡ,” ಎಂದಳು.

ಬ್ರೋಕರ್ ಹಾಲ್‌ನಲ್ಲಿದ್ದ ಒಂದೇ ಮೊಳೆಯಿಂದ ಓನರ್ ಕ್ಯಾಲೆಂಡರ್ ತೆಗೆದು, ಅವರ ಕೈಗೇ ಕೊಟ್ಟು, ಅಲ್ಲಿ ನನ್ನನ್ನು ನೇತುಹಾಕಿದರು. “ಹಳೇ ಮೊಳೆ ಸಾರ್, ಹೊಡೆದಿದ್ದು ನೀವೇ.”

ಹಾಲುಕ್ಕಿಸೋಕೆ ಒಳ್ಳೇ ದಿನ ಯಾವುದು ಅಂತ ಅಮ್ಮ ಕೇಳಿದಳು. ಓನರ್ ಕೈಯಲ್ಲಿದ್ದ ಕ್ಯಾಲೆಂಡರ್ ತಿರುವತೊಡಗಿದರು.