ಚೌಡಿಗೆ ಬಿಟ್ಟ ಹುಂಜ

ಊರ ಕಡೆ ಹೋದಾಗ ಜಯಪುರದ ಅಕ್ಕಿ ಗಿರಣಿಯ ಮುಂದೆ ಬಿಸಿ ತೌಡಿನ ವಾಸನೆ ಮೂಗಿಗೆ ಬಡಿದರೆ ನನ್ನ ನಡಿಗೆ ಈಗಲೂ ತಾನಾಗಿ ನಿಧಾನವಾಗುತ್ತದೆ. ಕೊಂಚ ಸಿಹಿ, ಕೊಂಚ ಧೂಳು ಬೆರೆತ ಆ ವಾಸನೆಯ ಹಿಂದೆಯೇ ಹಿರೇಕೊಡಿಗೆಯ ನಮ್ಮ ಮನೆಯ ಹಿತ್ತಿಲು ಕಣ್ಣೆದುರು ಬರುತ್ತದೆ. ಗಂಜಿತಿಳಿಯಲ್ಲಿ ತೌಡು ಕಲಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, 'ಬಾ ಬಾ ಬಾ' ಎಂದು ಕೋಳಿಗಳನ್ನು ಕರೆಯುವ ದೊಡ್ಡಮ್ಮ ಕಾಣುತ್ತಾಳೆ. ಅವಳು ಅಪ್ಪನ ಅಣ್ಣನ ಹೆಂಡತಿ. ಸ್ವಂತ ಮಕ್ಕಳಿರಲಿಲ್ಲ, ಹಾಗಂತ ನನ್ನನ್ನು ಮುದ್ದು ಮಾಡಿದವಳೂ ಅಲ್ಲ. ಹೊಗಳಿಕೆಯ ಮಾತು ಅವಳ ಬಾಯಲ್ಲಿ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ಇದ್ದಾಗ ಅವರ ಬೆಲೆ ನಮಗೆ ಎಲ್ಲಿ ಗೊತ್ತಾಗುತ್ತದೆ?

ಆ ಹಿತ್ತಿಲಿನ ಯಜಮಾನಿಕೆ ಮಾತ್ರ ಕೆಂಚನದು. ಕೆಂಚನೆಂದರೆ ಬೆಂಕಿಬಣ್ಣದ ಹುಂಜ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಹಾಸಿಗೆ ಹಿಡಿದಿದ್ದೆ. ಹುಡುಗಿ ಎದ್ದು ಓಡಾಡಿದರೆ ಒಂದು ಹುಂಜ ಕೊಡುತ್ತೇನೆಂದು ದೊಡ್ಡಮ್ಮ ಗದ್ದೆಯಂಚಿನ ಚೌಡಿಗೆ ಹರಕೆ ಹೊತ್ತಳು. ನಾನು ಎದ್ದೆ, ಜುಟ್ಟು ಮೂಡುತ್ತಿದ್ದ ಒಂದು ಮರಿಯನ್ನು ಚೌಡಿಯ ಹೆಸರಿಗೆ ಬಿಟ್ಟರು. ಹರಕೆಯ ಕೋಳಿಯನ್ನು ಮಾರುವಂತಿಲ್ಲ, ಪೂಜೆಯ ದಿನದವರೆಗೆ ಕಡಿಯುವಂತಿಲ್ಲ, ಕೋಲೆತ್ತಿ ಹೊಡೆಯುವಂತೆಯೂ ಇಲ್ಲ. ಇದು ಕೆಂಚನಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು ಎಂದೇ ನನ್ನ ನಂಬಿಕೆ. ಪೋಸ್ಟಿನವನು ಬೇಲಿಬಾಗಿಲಿನ ದಣಪೆಯ ಆಚೆಯಿಂದಲೇ ಕೂಗಿ ಕರೆಯುತ್ತಿದ್ದ. ದೊಡ್ಡಪ್ಪ ಬಿಸಿಲಲ್ಲೂ ಕೊಡೆ ಬಿಚ್ಚಿ ಅಡ್ಡ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದ. 'ಹರಕೇದಲ್ಲದಿದ್ರೆ ಇದ್ರ ಕುತ್ತಿಗೆ ಯಾವಾಗ್ಲೋ ಮುರೀತಿದ್ದೆ' ಎಂದು ಒಳಗೆ ಬಂದಮೇಲೆ ಶೂರನಾಗುತ್ತಿದ್ದ.

ಕೆಂಚನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆ. ಯಾರ ಜೀವಕ್ಕಾಗಿ ತನ್ನನ್ನು ಬರೆದುಕೊಟ್ಟಿದ್ದಾರೆಂದು ಯಾರೋ ಅವನ ಕಿವಿಯಲ್ಲಿ ಹೇಳಿದಂತಿತ್ತು. ನಾನು ಮೆಟ್ಟಿಲಿಳಿದರೆ ಸಾಕು, ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತ ಓರೆಯಾಗಿ ಬಂದು ಎಗರುತ್ತಿದ್ದ. ಒಮ್ಮೆ ಅವನ ಕಾಲಿನ ಮುಳ್ಳು ನನ್ನ ಮೀನಖಂಡಕ್ಕೆ ಇಳಿದು ರಕ್ತ ಸುರಿಯಿತು. ಆಮೇಲೆ ನಾನು ಹಿತ್ತಿಲಿಗೆ ಕಾಲಿಡುವುದನ್ನೇ ಬಿಟ್ಟೆ. ಬಚ್ಚಲಿಗೆ ಹೋಗಲೂ ಅಮ್ಮ ಜೊತೆಗೆ ಬೇಕು. ದೊಡ್ಡಮ್ಮ ಅದನ್ನು ಕೆಲವು ದಿನ ನೋಡಿದಳು. ಒಂದು ಬೆಳಿಗ್ಗೆ ರಟ್ಟೆ ಹಿಡಿದು ನನ್ನನ್ನು ಹಿತ್ತಿಲಿನ ಅಂಗಳದ ನಡುವೆ ತಂದು ನಿಲ್ಲಿಸಿದಳು. ಕೆಂಚ ನುಗ್ಗಿ ಬಂದ, ನಾನು ತಿರುಗಿದೆ.

'ಎಂತದೇ ಅದು ಓಡೋದು? ನಿಲ್ಲು ಮಾರಾಯ್ತಿ. ಬೆನ್ನು ತೋರಿಸ್ದ್ರೆ ಅವ್ನಿಗೆ ಮತ್ತೂ ಸೊಕ್ಕು' ಎಂದು, ಅವಳೇ ಒಂದು ಹೆಜ್ಜೆ ಮುಂದಿಟ್ಟು, ಹಾರಿದ ಹುಂಜವನ್ನು ರೆಕ್ಕೆಗಳ ಸಮೇತ ಎರಡೂ ಕೈಯಲ್ಲಿ ಅಮುಕಿ ಎಡಗಂಕುಳಲ್ಲಿ ಇರುಕಿಕೊಂಡಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ಅವನನ್ನು ಹಾಗೆಯೇ ಇಟ್ಟುಕೊಂಡು ಬಲಗೈಯಲ್ಲಿ ಅಂಗಳ ಗುಡಿಸಿದಳು, ತೌಡು ಹಾಕಿದಳು, ಮೊಟ್ಟೆ ಎತ್ತಿಟ್ಟಳು. ತನ್ನ ಹೇಂಟೆಗಳೆಲ್ಲ ನೋಡುತ್ತಿದ್ದಂತೆ ಕೆಂಚ ಕೂಸಿನ ಹಾಗೆ ಕಂಕುಳಲ್ಲಿ ಊರು ಸುತ್ತಬೇಕಾಯಿತು. ಕೊನೆಗೆ ಅವನನ್ನು ನನ್ನ ತೋಳಿಗೆ ದಾಟಿಸಿ, 'ಎದೆ ಹೊಡ್ಕಳದು ನೋಡು. ಅವ್ನೂ ನಿನ್ನಷ್ಟೇ ಹೆದ್ರಿದಾನೆ' ಎಂದಳು. ಹೌದು, ಅಷ್ಟು ದೊಡ್ಡ ಪೋಕರಿಯ ಎದೆ ನನ್ನ ಅಂಗೈಯಡಿಯಲ್ಲಿ ಪಟಪಟ ಎನ್ನುತ್ತಿತ್ತು. ಅಂದಿನಿಂದ ದಿನಾ ಸ್ಕೂಲಿಗೆ ಹೊರಡುವ ಮುಂಚೆ ಅವನನ್ನು ಹೊತ್ತು ತಿರುಗುವುದು ನನ್ನ ಕೆಲಸವಾಯಿತು. ಮೊದಮೊದಲು ಒದ್ದಾಡಿದ, ಬರುಬರುತ್ತ ಕಂಕುಳಿಗೆ ಬಂದ ಕೂಡಲೇ ಮೈ ಸಡಿಲ ಬಿಟ್ಟು ಕಣ್ಣು ಅರೆಮುಚ್ಚುತ್ತಿದ್ದ. ನಾನು ಅವನನ್ನು ಎಷ್ಟು ಹಚ್ಚಿಕೊಂಡೆನೆಂದರೆ, ಕೊಯ್ಲು ಮುಗಿದ ಮೇಲೆ ಬರುವ ಚೌಡಿಪೂಜೆಯ ನೆನಪಾದರೆ ಅನ್ನ ಸೇರುತ್ತಿರಲಿಲ್ಲ.

ಆ ದಿನ ಬಂದೇ ಬಂತು. ನಮ್ಮಲ್ಲಿ ಹುಂಜವನ್ನು ಕೊಡುವ ಮುಂಚೆ ಅದರ ತಲೆ ಬೆನ್ನಿಗೆ ತೀರ್ಥ ಚಿಮುಕಿಸುತ್ತಾರೆ. ಅದು ಮೈ ಕೊಡವಿದರೆ ಚೌಡಿ ಒಪ್ಪಿದಳೆಂದು ಅರ್ಥ, ಕೊಡವದೆ ಕಡಿಯುವಂತಿಲ್ಲ. ನೀರು ಬಿದ್ದ ಕೋಳಿ ಕೊಡವದೆ ಇರುತ್ತದೆಯೇ? ಪೂಜೆಗೆ ನಿಂತ ದೊಡ್ಡಪ್ಪ ಕೆಂಚನ ಕಾಲಿಗೆ ಕೈ ಹಾಕಿದರೆ ಅವನು ಮುಂಗೈ ಕುಕ್ಕಿ ಹರಿದ. 'ಹುಡುಗೀನೇ ಹಿಡ್ಕಳ್ಳಿ ಬಿಡಿ' ಎಂದು ನೆಂಟರಲ್ಲಿ ಯಾರೋ ಹೇಳಿದರು. ನಾನು ಅಳುತ್ತಲೇ ಎತ್ತಿಕೊಂಡೆ. ತೀರ್ಥ ಬಿತ್ತು. ಕೆಂಚ ಅರೆಗಣ್ಣು ಮುಚ್ಚಿ ಸುಮ್ಮನಿದ್ದ. ಮತ್ತೆ ಚಿಮುಕಿಸಿದರು, ಆಮೇಲೆ ಚೊಂಬನ್ನೇ ಬಗ್ಗಿಸಿದರು. ನೀರು ಅವನ ರೆಕ್ಕೆಯಿಂದ ನನ್ನ ಲಂಗಕ್ಕೆ ಇಳಿಯಿತೇ ಹೊರತು ಒಂದು ಪುಕ್ಕವೂ ಅಲುಗಲಿಲ್ಲ. ನನ್ನ ತೋಳೂ ಸಡಿಲವಾಗಲಿಲ್ಲ. 'ಕೊಡವೋ ಮಾರಾಯ' ಎಂದು ಕತ್ತಿ ಹಿಡಿದ ದೊಡ್ಡಪ್ಪ ಹುಂಜಕ್ಕೇ ಅಂಗಲಾಚಿದ. ಏನು ತಪ್ಪಾಯಿತೋ ಎಂದು ಹೆಂಗಸರು ಗುಸುಗುಸು ಶುರುಮಾಡಿದರು. ಆಗ ದೊಡ್ಡಮ್ಮ ಮುಂದೆ ಬಂದಳು. ಹರಕೆ ಅವಳದು, ಮಾತೂ ಅವಳದೇ. 'ತಾಯಿಗೆ ಬೇಡ ಅಂತಾಯ್ತು. ಕಾಯಿ ಒಡೀರಿ' ಎಂದಳು. ಆಮೇಲೆ ಅಷ್ಟೂ ಜನರ ಕಡೆ ತಿರುಗಿ, ನನ್ನ ತಲೆಯ ಮೇಲೆ ಕೈಯಿಟ್ಟು, 'ನಮ್ಮ ಹುಡುಗಿ ಕೈಲಿದ್ರೆ ಹುಂಜನೂ ನಡುಗಲ್ಲ, ನೋಡ್ಕಳ್ಳಿ' ಎಂದಳು. ಕೆಂಚನನ್ನು ಹೊತ್ತು ಗದ್ದೆಯ ಬದುವಿನ ಮೇಲೆ ಮನೆಗೆ ಮರಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೆಂಚ ಮುದಿಯಾಗಿಯೇ ಸತ್ತ. ಮನೆ ಪಾಲಾಯಿತು, ಹಿತ್ತಿಲು ಕಾಫಿ ಒಣಗಿಸುವ ಸಿಮೆಂಟಿನ ಕಣವಾಯಿತು, ದೊಡ್ಡಮ್ಮನೂ ಹೋದಳು. ನಾನೀಗ ನರಸಿಂಹರಾಜಪುರದಲ್ಲಿ ನರ್ಸ್. ಸೂಜಿ ಕಂಡು ಚೀರಾಡುವ ಮಕ್ಕಳನ್ನು ನನ್ನ ಕೈಗೇ ಕೊಡುತ್ತಾರೆ. ಅವು ನನ್ನ ತೋಳಿನಲ್ಲಿ ಮೆಲ್ಲಗೆ ಮೈ ಸಡಿಲ ಬಿಟ್ಟಾಗ ತಾಯಂದಿರು, 'ನಿಮ್ಮ ಕೈಯಲ್ಲಿ ಎಂತದೋ ಇದೆ ಸಿಸ್ಟರ್' ಅನ್ನುತ್ತಾರೆ. ಇದೆ ಎಂದು ನನಗೂ ಗೊತ್ತು, ಸಂಕೋಚವಿಲ್ಲದೆ ಹೆಮ್ಮೆಪಡುತ್ತೇನೆ. ಸಂಜೆ ಓಡಿಹೋಗಿ ಅದನ್ನು ಹೇಳೋಣವೆಂದರೆ, 'ನಮ್ಮ ಹುಡುಗಿ' ಅನ್ನುವವಳು ಮಾತ್ರ ಇಲ್ಲ.